ಮೂರನೇ ಕೂಗಿಗೆ ಕಾದವನು

ಎಂಬತ್ತೆರಡನೇ ಇಸವಿ, ಮೇ ತಿಂಗಳು. ಕೋಲಾರದಿಂದ ಹೊರಟ ಕೊನೇ ಬಸ್ಸು ಶ್ರೀನಿವಾಸಪುರದ ಮಂಡಿ ಮುಂದೆ ಮಾವಿನಕಾಯಿ ಲಾರಿಗಳ ಮಧ್ಯೆ ಸಿಕ್ಕಿಕೊಂಡಿತು. ಮುಳಬಾಗಿಲ ರಸ್ತೆಯಲ್ಲಿ ನಮ್ಮೂರ ಗೇಟಿಗೆ ನನ್ನನ್ನು ಇಳಿಸುವ ಹೊತ್ತಿಗೆ ರಾತ್ರಿ ಹತ್ತೂಮುಕ್ಕಾಲು. ಗೇಟಿನಿಂದ ಊರಿಗೆ ಒಂದೂವರೆ ಮೈಲಿ ಮಣ್ಣುದಾರಿ. ದೊಡ್ಡಮ್ಮನ ಮಗ ಕೋದಂಡ ಟಾರ್ಚು ಹಿಡಿದು ಕಾಯುತ್ತಿದ್ದ. ದಾಖಲೆಗಳಲ್ಲಿ ಕೋದಂಡರಾಮಪ್ಪ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು.

"ಈ ಸಲ ಯಾವ ದೇಶ ಅಕ್ಕ?" ಅಂದ, ನನ್ನ ಪೆಟ್ಟಿಗೆಯನ್ನು ಹೆಗಲಿಗೇರಿಸುತ್ತಾ.

"ಕೀನ್ಯಾ. ಅಲ್ಲೂ ಕೊನೇ ಬಸ್ಸು ಹೀಗೇ ಕಣೋ."

ನಗಲಿಲ್ಲ. ಟಾರ್ಚಿನ ಬೆಳಕು ಒಂದು ಸಲ ಅವನ ಮುಖದ ಮೇಲೆ ಬಿತ್ತು. ಮೂವತ್ತನಾಲ್ಕು ವರ್ಷದವನು ಐವತ್ತರವನ ಹಾಗೆ ಕಾಣುತ್ತಿದ್ದ. ಕೆನ್ನೆ ಒಳಗೆ ಹೋಗಿತ್ತು. ನಿದ್ದೆಗೆಟ್ಟ ಕಣ್ಣು. ಮೂರು ವರ್ಷದಿಂದ ನೋಡಿರಲಿಲ್ಲವಲ್ಲ, ಅದಕ್ಕೇ ಹೀಗನ್ನಿಸುತ್ತಿದೆ ಅಂದುಕೊಂಡೆ.

ದಾರಿ ಅರ್ಧ ಆದಮೇಲೆ ಆಲದ ಮರ. ಅಲ್ಲಿಯವರೆಗೂ ಅವನ ಚಪ್ಪಲಿ ಟಪ್ ಟಪ್ ಅನ್ನುತ್ತಾ ನನ್ನ ಮುಂದೆ ಹೋಗುತ್ತಿತ್ತು. ಮರದ ಹತ್ತಿರ ಬಂದದ್ದೇ ನಿಂತಿತು. ಟಾರ್ಚು ಆರಿತು. ಅವನೇ ಆರಿಸಿದ್ದು. ಕತ್ತಲಲ್ಲಿ ಅವನ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು.

"ಮಾತಾಡಬೇಡ..." ಅಂದ ಪಿಸುಗುಟ್ಟಿ.

ಜೀರುಂಡೆ. ದೂರದಲ್ಲಿ ಯಾರದೋ ಪಂಪ್‌ಸೆಟ್ಟು, ಡುಗ್ ಡುಗ್ ಡುಗ್. ಆಲದೆಲೆ ಒಂದು ಸುಳಿದು ನೆಲ ಮುಟ್ಟಿದ ಸದ್ದು. ಅಷ್ಟೇ. ಬೇರೆ ಏನೂ ಇಲ್ಲ.

"ಒಂದು," ಅಂದ.

ನಾನು ಉಸಿರು ಬಿಗಿಹಿಡಿದೆ. ಜೀರುಂಡೆ. ಪಂಪ್‌ಸೆಟ್ಟು.

"ಎರಡು..."

ಆಮೇಲೆ ತುಂಬಾ ಹೊತ್ತು ನಿಂತೆವು. ಅವನ ಹಿಡಿತ ಬಿಗಿಯಾಗುತ್ತಾ ಹೋಗಿ ನನ್ನ ಬಳೆ ಕೈಗೆ ಒತ್ತುತ್ತಿತ್ತು. ಕೊನೆಗೆ ಉಸಿರು ಬಿಟ್ಟ, ಭಾರ ಇಳಿಸಿದವನ ಹಾಗೆ. ಟಾರ್ಚು ಹತ್ತಿತು. ಗಡಿಯಾರ ನೋಡಿಕೊಂಡ. ಹನ್ನೊಂದು ಗಂಟೆ ಹನ್ನೆರಡು ನಿಮಿಷ.

"ಏನ್ಲಾ ಅದು ಎರಡು?"

"ಮನೆಗೆ ನಡಿ ಅಕ್ಕ."

ಮನೆಯಲ್ಲಿ ದೊಡ್ಡಮ್ಮ ರಾಮಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಅಪ್ಪಿಕೊಂಡು, ಬೆನ್ನು ಸವರಿ, ಎಷ್ಟು ಸೊರಗಿದ್ದೀಯ ಅಂತೆಲ್ಲ ಅಂದಮೇಲೆ, ಹಾಲಿನವಳು ಬಂದಳಾ ಅಂತ ಕೇಳುವ ದನಿಯಲ್ಲಿ ಮಗನನ್ನು ಕೇಳಿದಳು: "ಕೂಗಿತಾ?"

"ಹೂಂ."

"ಎಲ್ಲಿ?"

"ಆಲದ ಮರದ ಹತ್ರ."

ದೊಡ್ಡಮ್ಮ ಬಾಗಿಲಿಗೆ ಅಗುಳಿ ಹಾಕಿದಳು. "ದೇವುಡಾ... ಮರದ ತನಕ ಬಂದ್ಬಿಟ್ಟವ್ನಾ," ಅಂತ ತನಗೆ ತಾನೇ ಅಂದುಕೊಂಡು ನನಗೆ ಮುದ್ದೆ ಬಡಿಸಿದಳು.

ನಾನು ಸುಮಾರು ದೇಶದ ನೀರು ಕುಡಿದವಳು. ಎಲ್ಲಾ ಕಡೆಯೂ ಒಂದು ಮರ, ಒಂದು ತಿರುವು, ಒಂದು ಹೆಣ್ಣಿನ ಕತೆ ಇರುತ್ತದೆ. ಎಲ್ಲಾ ಕಡೆಯೂ ನಾನು ಅದನ್ನು ಕೇಳಿ, ಕಾಫಿ ಕುಡಿದು, ಚೆನ್ನಾಗಿ ನಿದ್ದೆ ಮಾಡಿದ್ದೇನೆ. ಅವತ್ತೂ ಮಾಡಿದೆ. ಮಾರನೇ ಸಂಜೆ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಕೂತಾಗ ಕೋದಂಡ ತಾನಾಗಿಯೇ ಬಾಯಿಬಿಟ್ಟ. ಅವನು ಹೇಳಿದ್ದನ್ನು ಹಾಗೇ ಹೇಳುತ್ತೇನೆ. ನಾನು ಸೇರಿಸಿದ್ದು ಏನೂ ಇಲ್ಲ.

ಅದಕ್ಕೆ ಮುಂಚೆ ಅವನು ಎಲ್ಲಿಗೆ ಹೋಗಿದ್ದ ಅನ್ನೋದು ಗೊತ್ತಿರಬೇಕು. ಕೋದಂಡ ಓದು ಮುಗಿಸಿ ನಮ್ಮ ಜಿಲ್ಲೆಯ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದ್ದ. ಕೆಲಸ ಅಂದರೆ ಕೇಳೋದು. ಅಷ್ಟು ಆಳದಲ್ಲಿ ಬಂಡೆ ಸಿಡಿಯುವ ಮುಂಚೆ ಸಣ್ಣಗೆ ಸದ್ದು ಮಾಡುತ್ತದೆ, ಟಿಕ್... ಟಿಕ್... ಟಿಕ್‌ಟಿಕ್ ಅಂತ. ಬಂಡೆಗೆ ಹೆಬ್ಬೆರಳು ಗಾತ್ರದ ಜಿಯೋಫೋನು ಅಂಟಿಸಿ, ಮೇಲೆ ಕೂತು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅದನ್ನು ಕೇಳಬೇಕು. ಕೋದಂಡನ ಕಿವಿ ಚುರುಕು. ಗಣಿ ನೋಡಲು ಬಂದ ನಾರ್ವೆ ದೇಶದ ಒಬ್ಬ ಪ್ರೊಫೆಸರು ಆ ಕಿವಿಗೆ ಮನಸೋತು, "ಸಮುದ್ರದ ಮೇಲಿನ ಮಂಜುಗಡ್ಡೆಯೂ ಒಡೆಯುವ ಮುಂಚೆ ಹೀಗೇ ಮಾತಾಡುತ್ತೆ, ಬರ್ತೀಯಾ?" ಅಂತ ಕೇಳಿದ. ಎಪ್ಪತ್ತೊಂಬತ್ತರಲ್ಲಿ ಇವನು ಹೊರಟೇಬಿಟ್ಟ. ನಾರ್ವೆಗಿಂತಲೂ ಮೇಲೆ, ಭೂಪಟದ ಕಾಗದ ಮುಗಿಯುವ ಕಡೆ ಇರುವ ಒಂದು ದ್ವೀಪಕ್ಕೆ. ರಾಗಿಮುದ್ದೆ ಬಿಟ್ಟು ಒಂದು ವಾರ ಇರಲಾರದವನು!

"ಅಲ್ಲಿ ಚಳಿಗಾಲ ಅಂದ್ರೆ ಸೂರ್ಯನೇ ಬರಲ್ಲ ಅಕ್ಕ," ಅಂದ. "ಎರಡು ತಿಂಗಳ ಮೇಲೆ. ಮಧ್ಯಾಹ್ನ ಹನ್ನೆರಡು ಗಂಟೆಗೂ ಅಮಾವಾಸ್ಯೆ."

ದಡದಲ್ಲಿ ಒಂದು ಮರದ ಗುಡಿಸಲು. ಒಳಗೆ ಇವನೊಬ್ಬನೇ, ಯಂತ್ರಗಳ ಜೊತೆ. ದಿನಕ್ಕೆ ಕೆಲವು ಸಲ ತಲೆಮೇಲೆ ಉಪಗ್ರಹ ಹಾದುಹೋಗುತ್ತದೆ. ಅದು ಕತ್ತಲಲ್ಲೂ ಚಿತ್ರ ತೆಗೆಯುತ್ತದೆ. ಬೆಳಕಿನಿಂದಲ್ಲ, ಬಿಸಿಯಿಂದ. ಆ ಚಿತ್ರ ಗುಡಿಸಲಿನ ಯಂತ್ರದಲ್ಲಿ ಒಂದೊಂದೇ ಗೆರೆಯಾಗಿ ಒದ್ದೆ ಕಾಗದದ ಮೇಲೆ ಇಳಿಯುತ್ತದೆ, ಚರ್... ಚರ್... ಚರ್... ತಣ್ಣಗಿರುವ ಮಂಜುಗಡ್ಡೆ ಬೆಳ್ಳಗೆ. ಅದು ಬಿರಿದು ಕೆಳಗಿನ ಸಮುದ್ರ ಕಂಡ ಕಡೆ ಕಪ್ಪು. ಚಿತ್ರ ಓದಿ, ಎಲ್ಲಿ ಕಪ್ಪು ಬರುತ್ತಿದೆ ಅಂತ ರೇಡಿಯೋದಲ್ಲಿ ಹೇಳೋದು ಇವನ ಕೆಲಸ. ಯಾರಿಗೆ ಅಂದರೆ ಆರ್ನೆಗೆ. ಆರ್ನೆ ಅನ್ನೋನು ಆ ದೇಶದವನೇ, ಇವನ ವಯಸ್ಸು. ಹಿಮದ ಮೇಲೆ ಓಡುವ ಮೋಟಾರು ಗಾಡಿಯಲ್ಲಿ ಎಂಟು ಹತ್ತು ಮೈಲಿ ಸಮುದ್ರದ ಮೇಲೆ ಹೋಗಿ, ಮಂಜುಗಡ್ಡೆಯಲ್ಲಿ ಜಿಯೋಫೋನು ನೆಟ್ಟು, ಬ್ಯಾಟರಿ ಬದಲಾಯಿಸಿ ಬರುತ್ತಿದ್ದವನು.

"ಒಳ್ಳೇ ಮನುಷ್ಯ. ನಮ್ಮ ಉಪ್ಪಿನಕಾಯಿ ತಿಂದು ಅಳ್ತಾ ಇನ್ನೊಂಚೂರು ಹಾಕು ಅಂತಿದ್ದ. ನನ್ನ ಹೆಸರು ಪೂರ್ತಿ ಬರ್ತಿರಲಿಲ್ಲ ಅವನಿಗೆ. ಕೊಡಾ ಅಂತಿದ್ದ."

"ನನ್ನ ಮಗನ್ನ ಬಿಂದಿಗೆ ಮಾಡ್ಬಿಟ್ಟಿದ್ದ," ಅಂದಳು ದೊಡ್ಡಮ್ಮ ಮೆಟ್ಟಿಲ ಮೇಲಿಂದ. ಯಾವಾಗ ಬಂದು ಕೂತಳೋ.

ಆರ್ನೆ ಹೊರಗೆ ಹೋದ ದಿನ ಗಂಟೆಗೊಮ್ಮೆ ರೇಡಿಯೋದಲ್ಲಿ ಮಾತಾಡಬೇಕು. ಐದಕ್ಕೆ, ಆರಕ್ಕೆ, ಏಳಕ್ಕೆ, ಸರಿಯಾಗಿ ಗಂಟೆ ಹೊಡೆದಾಗ. ಅವನು ಕೂಗುತ್ತಾನೆ, ಇವನು ಉತ್ತರ ಕೊಡುತ್ತಾನೆ. ಎಂಬತ್ತರ ಡಿಸೆಂಬರಿನ ಒಂದು ದಿನ, ಆರು ಗಂಟೆಯ ಮಾತು ಆಯಿತು. ಬರ್ತಾ ಇದ್ದೀನಿ ಅಂದ. ಆಮೇಲೆ ಉಪಗ್ರಹ ಬಂತು. ಚಿತ್ರ ಇಳಿಯತೊಡಗಿತು. ಅರ್ಧ ಇಳಿದಾಗ ಕೋದಂಡ ನೋಡಿದ: ಆರ್ನೆಗೂ ದಡಕ್ಕೂ ಮಧ್ಯೆ, ಅವನು ನೇರವಾಗಿ ಬರುವ ದಾರಿಯಲ್ಲಿ, ಕೂದಲೆಳೆಯಷ್ಟು ಕಪ್ಪು. ಬಲಗಡೆ, ಸಮುದ್ರಕ್ಕೆ ಚಾಚಿದ ಗುಡ್ಡದ ಮೂಗಿನ ಕಡೆ, ಮಂಜುಗಡ್ಡೆ ಗಟ್ಟಿ. ಬಲಕ್ಕೆ ತಿರುಗಿ ಬಂದರೆ ಏನೂ ತೊಂದರೆ ಇಲ್ಲ.

"ಅಷ್ಟೊತ್ತಿಗೆ ಕೂಗು ಬಂತು."

"ಏಳು ಗಂಟೆಗಾ?"

"ಇಲ್ಲ... ಏಳಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಅದೇ ಅಕ್ಕ. ಅವನು ಯಾವತ್ತೂ ಗಂಟೆ ತಪ್ಪಿಸಿದವನಲ್ಲ. ದನಿಯೂ ಅವನದ್ದರ ಹಾಗಿರಲಿಲ್ಲ. ಸಣ್ಣಗೆ, ಉಸಿರಲ್ಲಿ ಅಂದಂಗೆ. ರೇಡಿಯೋದಿಂದ ಬಂತೋ ಬಾಗಿಲ ಆಚೆಯಿಂದ ಬಂತೋ ಗೊತ್ತಾಗಲಿಲ್ಲ. ಕೊಡಾ... ಅಂತು. ನಾನು ಮೈಕು ಎತ್ತಿಕೊಂಡೆ. ಹೆಬ್ಬೆಟ್ಟು ಗುಂಡಿ ಮೇಲಿತ್ತು. ಒತ್ತಬೇಕು. ಇನ್ನೊಂದು ಸಲ ಅಂತು. ಕೊಡಾ..."

ಬೀದಿಯಲ್ಲಿ ನಾಯಿಯೊಂದು ಮೈ ಕೊಡವಿಕೊಂಡು ಕಿವಿ ಪಟಪಟ ಬಡಿಯಿತು.

"ನಾನು ಮೂರನೇದಕ್ಕೆ ಕಾದೆ," ಅಂದ.

ಇದು ನಿಮಗೆ ಅರ್ಥವಾಗಲಿಲ್ಲ ಅಂದರೆ ನೀವು ನಮ್ಮ ಕಡೆಯವರಲ್ಲ. ನಮ್ಮಲ್ಲಿ ಹಾಲು ಬಿಡಿಸುವ ಮುಂಚೆಯೇ ಮಕ್ಕಳಿಗೆ ಇದನ್ನು ಕಲಿಸುತ್ತಾರೆ. ಕತ್ತಲಾದ ಮೇಲೆ ಯಾರಾದರೂ ಹೆಸರು ಹಿಡಿದು ಕೂಗಿದರೆ ಒಂದಕ್ಕೂ ಓ ಅನ್ನಬಾರದು, ಎರಡಕ್ಕೂ ಅನ್ನಬಾರದು. ಮನುಷ್ಯರಾದರೆ ಮೂರನೇ ಸಲ ಕೂಗುತ್ತಾರೆ. ಮನುಷ್ಯರಲ್ಲದ್ದಕ್ಕೆ ಎರಡೇ ಉಸಿರು. ಎರಡರೊಳಗೆ ಓ ಅಂದವನು ಅದರ ಹಿಂದೆ ಹೋದ ಹಾಗೆ. ಕೋದಂಡನ ಅಪ್ಪ ಗದ್ದೆಗೆ ನೀರು ಕಟ್ಟಲು ಹೋಗುತ್ತಿದ್ದ ರಾತ್ರಿಗಳಲ್ಲಿ ದೊಡ್ಡಮ್ಮ ಇದನ್ನು ಮಗನ ಮೂಳೆಗೇ ಇಳಿಸಿದ್ದಳು.

"ಎಷ್ಟೊತ್ತು ಕಾದೆ?"

"ಒಂದು ನಿಮಿಷ. ಇಲ್ಲ... ಒಂದೂವರೆ. ಆಮೇಲೆ ನನಗೇ ನಾಚಿಕೆಯಾಯ್ತು. ಎಂಥಾ ಮೂಢ ಅಂದ್ಕೊಂಡು ಗುಂಡಿ ಒತ್ತಿದೆ. ಆರ್ನೆ, ಬಲಕ್ಕೆ ತಿರುಗು, ಬಲಕ್ಕೆ ಅಂದೆ. ಬರೀ ಸರ್‌ರ್‌ರ್ ಅಂತಿತ್ತು."

ಹೆಡ್‌ಫೋನಿನಲ್ಲಿ ಮಂಜುಗಡ್ಡೆಯ ಸದ್ದು ಕೇಳಿಸಿತಂತೆ. ಮೊದಲು ಹೊಸ ಚರ್ಮದ ಚಪ್ಪಲಿ ಮೆಟ್ಟಿದಂತೆ ಕಿರ್ರ್... ಕಿರ್ರ್... ಆಮೇಲೆ ಬಿಗಿದ ತಂತಿಗೆ ಕಲ್ಲು ತಗುಲಿದಂತೆ ಉದ್ದಕ್ಕೆ ಟಣ್‌ಂಂಂ... ಆಮೇಲೆ ನೀರು. ಆರ್ನೆಯೂ ಸಿಗಲಿಲ್ಲ, ಗಾಡಿಯೂ ಸಿಗಲಿಲ್ಲ. ಯಾರೂ ಇವನನ್ನು ಬೈಯಲಿಲ್ಲ. ಒಂದೂವರೆ ನಿಮಿಷದ ವಿಷಯ ಇವನು ಯಾರಿಗೂ ಹೇಳಲಿಲ್ಲ. ಏನಂತ ಹೇಳಬೇಕು? ಯಾವ ಭಾಷೆಯಲ್ಲಿ?

ಮೂರನೇ ದಿನದ ಚಿತ್ರದಲ್ಲಿ, ಆರ್ನೆ ಹೋದ ಜಾಗದಲ್ಲಿ ಒಂದು ಕಪ್ಪು ಚುಕ್ಕಿ ಇತ್ತು. ತೆರೆದ ನೀರು. ಆ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರು ಅಗಲ. ನಾಲ್ಕನೇ ದಿನ ಅದು ದಡಕ್ಕೆ ಹತ್ತಿರ ಬಂದಿತ್ತು. ಸುತ್ತಲಿನ ಮಂಜುಗಡ್ಡೆಯೆಲ್ಲಾ ಗಾಳಿಗೆ ಪಶ್ಚಿಮಕ್ಕೆ ಸರಿಯುತ್ತಿದ್ದರೆ ಇದೊಂದು ಪೂರ್ವಕ್ಕೆ ಬರುತ್ತಿತ್ತು. ಪ್ರೊಫೆಸರಿಗೆ ತೋರಿಸಿದ. ಕಾಗದದ ದೋಷ ಅಂದ ಅವನು. ಹನ್ನೆರಡನೇ ದಿನದ ಚಿತ್ರದಲ್ಲಿ ಕೋದಂಡ ಕೂತ ಗುಡಿಸಲು ಇರಬೇಕಾದ ಕಡೆಯೇ ಕಪ್ಪು. ಅವತ್ತು ಏಳಕ್ಕೆ ಇಪ್ಪತ್ತು ನಿಮಿಷ ಇರುವಾಗ ಬಾಗಿಲಾಚೆ ಕೂಗಿತು. ಎರಡು ಸಲ. ಮಾರನೇ ದಿನವೂ ಎರಡೇ ಸಲ.

"ಅಲ್ಲಿ ಏಳಕ್ಕೆ ಇಪ್ಪತ್ತು ನಿಮಿಷ ಅಂದ್ರೆ ನಮಗೆ ಹನ್ನೊಂದೂ ಹತ್ತು," ಅಂದ ಕೋದಂಡ. "ಬೇಸಿಗೆ ಬರೋವರೆಗೂ ತಡ್ಕೊಂಡೆ. ಆಮೇಲೆ ಬಂದ್ಬಿಟ್ಟೆ."

"ಅವನೂ ಬಂದ ಅಂತೀಯಾ? ಪಾಸ್‌ಪೋರ್ಟು, ವೀಸಾ ಎಲ್ಲಾ?" ಅಂದೆ ನಾನು. ನನ್ನ ಬಾಯಿ ಅಷ್ಟೇ.

"ಜಡಿ ಆ ಬಾಯಿಗೆ ಬೀಗ," ಅಂದಳು ದೊಡ್ಡಮ್ಮ.

ಕೋದಂಡ ಎದ್ದು ಒಳಗೆ ಹೋಗಿ ಒಂದು ಕಾಗದದ ಸುರುಳಿ ತಂದ. ವಾಪಸು ಬಂದಮೇಲೆ ಕೋಲಾರದಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಉಪಗ್ರಹದ ಚಿತ್ರ ನೋಡಿ ಎಲ್ಲಿ ಬೋರ್‌ವೆಲ್ ಕೊರೆದರೆ ನೀರು ಸಿಗುತ್ತದೆ ಅಂತ ಹೇಳುವ ಕೆಲಸ. ಈ ಉಪಗ್ರಹ ಬೇರೆ, ಹದಿನೆಂಟು ದಿನಕ್ಕೊಮ್ಮೆ ನಮ್ಮ ಜಿಲ್ಲೆಯ ಮೇಲೆ ಬರುತ್ತದೆ. ಇದರ ಚಿತ್ರದಲ್ಲೂ ನೀರು ಕಪ್ಪು. ಲಾಂದ್ರದ ಬೆಳಕಲ್ಲಿ ನನಗೆ ನಾಲ್ಕು ಚಿತ್ರ ಹಾಸಿ ತೋರಿಸಿದ. ಮುಳಬಾಗಿಲ ಬೆಟ್ಟ, ಹೆದ್ದಾರಿಯ ಗೆರೆ, ಕೆರೆಗಳು. ಬೇಸಿಗೆಯ ಕೆರೆಗಳಲ್ಲವಾ, ಬಹಳಷ್ಟು ಒಣಗಿ ಬಿಳಿಚಿಕೊಂಡಿದ್ದವು. ಆದರೆ ಒಂದೊಂದು ಚಿತ್ರದಲ್ಲೂ ಕೆಂಪು ಪೆನ್ಸಿಲಿನಲ್ಲಿ ಒಂದೊಂದು ಸುತ್ತು. ಸುತ್ತಿನೊಳಗೆ ದುಂಡಗೆ, ಮಸಿಯಂತೆ, ಒಂದು ಕೆರೆ.

ಮೊದಲನೇದರಲ್ಲಿ ಅದು ಆಂಧ್ರದ ಗಡಿ ನಂಗಲಿ ಹತ್ತಿರ. ಎರಡನೇದರಲ್ಲಿ ಮುಳಬಾಗಿಲ ಈಚೆ. ಮೂರನೇದರಲ್ಲಿ ಇನ್ನೂ ಈಚೆ. ನಾಲ್ಕನೇದರಲ್ಲಿ ನಮ್ಮೂರ ಗೇಟಿನ ಹತ್ತಿರ.

"ಗೇಟ್ ಹತ್ರ ಕೆರೆ ಎಲ್ಲಿದೆಯೋ?" ಅಂದೆ. ನಾನು ಅಲ್ಲೇ ಇಳಿದಿದ್ದೆ. ರಾಗಿ ಹೊಲ, ಒಂದು ಟೀ ಅಂಗಡಿ.

"ಇಲ್ಲ. ಮೂರನೇ ಸುತ್ತಿನ ಹತ್ರ ನಮ್ಮ ಸಾಹೇಬರು ಖುಷಿಯಾಗಿ ಬೋರ್ ಕೊರೆಸಿದ್ರು. ಮುನ್ನೂರು ಅಡಿ. ಬರೀ ಧೂಳು ಬಂತು."

ಅದಕ್ಕೂ ನಾನು ನಕ್ಕೆ. ನಗುತ್ತಾ ಲೆಕ್ಕ ಹಾಕಿದೆ. ನಾಲ್ಕನೇ ಚಿತ್ರ ತೆಗೆದು ಎಷ್ಟು ದಿನ ಆಗಿತ್ತೋ... ಆಲದ ಮರ ಗೇಟಿಗೂ ಊರಿಗೂ ನಡುವೆ. ಚಿತ್ರಗಳನ್ನು ನಾನೇ ಸುತ್ತಿ ಪಕ್ಕಕ್ಕಿಟ್ಟೆ, ಸುಳ್ಳು ಯಾಕೆ ಹೇಳಲಿ.

"ಮೊದಮೊದಲು ಕೂಗು ತುಂಬಾ ದೂರದಿಂದ ಕೇಳ್ತಿತ್ತು," ಅಂದ. "ಈಗ ಅವನು ಸುಸ್ತಾಗಿರೋದು ಗೊತ್ತಾಗುತ್ತೆ ಅಕ್ಕ. ಅಷ್ಟು ಹತ್ರ."

"ನಿನಗೆ ಅವನ ಭಯಾನಾ?"

"ಭಯ ಅಲ್ಲ. ಅವನು ದಾರಿ ಕೇಳ್ತಾ ಇದಾನೆ. ಅಷ್ಟೇ ಕೇಳ್ತಾ ಇರೋದು. ಹೇಳೋಣ ಅಂತ ಬಾಯಿ ತೆರೀತೀನಿ... ಆಗಲ್ಲ. ಮೂರನೇದು ಬರಲಿ, ಬರಲಿ ಅಂತ ಕಾಯ್ತೀನಿ. ಬರಲ್ಲ. ಒಂದೂವರೆ ವರ್ಷದಿಂದ ಕಾಯ್ತಿದೀನಿ."

ರಾತ್ರಿ ಹನ್ನೊಂದಕ್ಕೆ ದೊಡ್ಡಮ್ಮ ಮೇಲೆ ಬಂದು ಮಗನ ಹಿಂದೆ ಕೂತಳು. ತನ್ನ ಎರಡೂ ಅಂಗೈಗಳಿಂದ ಅವನ ಬಾಯಿ ಮುಚ್ಚಿದಳು. ಮೂವತ್ತನಾಲ್ಕು ವರ್ಷದ ಗಂಡಸು ಮಗುವಿನ ಹಾಗೆ ಒರಗಿ ಕೂತಿದ್ದ. "ಒದ್ದುರಾ ನಾಯನಾ... ಬೇಡ ಕಣಪ್ಪಾ..." ಅಂತ ಅವನ ಕಿವಿಯಲ್ಲಿ ಅನ್ನುತ್ತಲೇ ಇದ್ದಳು. ಹನ್ನೊಂದೂ ಹತ್ತಕ್ಕೆ ಅವನ ಮೈ ಒಂದು ಸಲ ಅದುರಿತು. ಆಮೇಲೆ ಇನ್ನೊಂದು ಸಲ. ದೊಡ್ಡಮ್ಮನಿಗೂ ಕೂಗು ಕೇಳಿಸುತ್ತಿರಲಿಲ್ಲ. ಮೈ ಅದುರುವುದನ್ನು ಎಣಿಸುತ್ತಿದ್ದಳು. ಎರಡಾದ ಮೇಲೆ ಕಾಲು ಗಂಟೆ ಬಿಟ್ಟು ಕೈ ತೆಗೆದಳು. ಹೀಗೆ ಪ್ರತಿ ರಾತ್ರಿಯಂತೆ.

ಐದನೇ ದಿನ ಮಾಲೂರಿನಿಂದ ಸುದ್ದಿ ಬಂತು. ದೊಡ್ಡಮ್ಮನ ನಾದಿನಿ ವೆಂಕಟರತ್ನಮ್ಮ ತೀರಿಕೊಂಡಳು ಅಂತ. ಹೋಗಲೇಬೇಕು. ಹನ್ನೊಂದೂ ಹತ್ತಕ್ಕೆ ಅದುರುವ ಮಗನನ್ನು ಸಾವಿನ ಮನೆಗೆ ಕರೆದೊಯ್ಯುವ ಹಾಗಿರಲಿಲ್ಲ. ಸಂಜೆ ಬಸ್ಸಿಗೆ ಹೊರಟ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಒಂದು ರಾತ್ರಿ. ಅವನ ಬಾಯಿ ನಿನ್ನ ಕೈಲಿ."

"ಆಗಲಿ ದೊಡ್ಡಮ್ಮ."

"ನಗಬೇಡ ಕಣೇ. ನೀನು ದೇಶ ಸುತ್ತಿದೋಳು, ಎಲ್ಲಾನೂ ನಗ್ತೀಯ. ನನ್ನ ತಲೆ ಮುಟ್ಟಿ ಹೇಳು."

ತಲೆ ಮುಟ್ಟಿ ಹೇಳಿದೆ.

ಈಗ ಹೇಳುವುದು ನನ್ನ ವಿಷಯ. ಯಾರಿಗೂ ಹೇಳಿರಲಿಲ್ಲ. ಆ ರಾತ್ರಿ ಸೆಕೆ ತಡೆಯಲಾಗುತ್ತಿರಲಿಲ್ಲ. ಎಲೆ ಅಲ್ಲಾಡುತ್ತಿರಲಿಲ್ಲ. ಕೋದಂಡ ಬರೀ ಪಂಚೆ, ಬನಿಯನ್ನಿನಲ್ಲಿ ಕೂತಿದ್ದ. ಕೂತಲ್ಲೇ ತೂಕಡಿಸುತ್ತಾ, ಬೆಚ್ಚಿ ಕಣ್ಣು ಬಿಡುತ್ತಾ. ಎಂಥಾ ಹುಡುಗ ಹೀಗಾದನಲ್ಲ ಅಂತ ಸಿಟ್ಟು ಬಂತು. ದೊಡ್ಡಮ್ಮನ ಮೇಲೆ ಸಿಟ್ಟು ಬಂತು. ಆ ಎಣಿಕೆಯ ಮೇಲೆ ಸಿಟ್ಟು ಬಂತು. ನಾನು ನೋಡಿದ ಊರುಗಳಲ್ಲಿ ಒಳ್ಳೊಳ್ಳೆ ಡಾಕ್ಟರುಗಳು ಏನು ಹೇಳುತ್ತಾರೆ ಅಂತ ನನಗೆ ಗೊತ್ತಿತ್ತು: ಎದೆಯಲ್ಲಿ ಸಿಕ್ಕಿಕೊಂಡ ಮಾತನ್ನು ಆಡಿಬಿಟ್ಟರೆ ರೋಗಿ ಹಗುರಾಗುತ್ತಾನೆ.

"ಕೋದಂಡ."

"ಹೂಂ."

"ಇವತ್ತು ಓ ಅಂದುಬಿಡು."

ಅವನು ನನ್ನ ಕಡೆ ನೋಡಿದ. ಆ ಮುಖದಲ್ಲಿ ಎಂಥದೋ ಬೆಳಕು ಬಂತು. ಅದನ್ನು ನೋಡಿ ನಾನು ಮಾಡಿದ್ದು ಸರಿ ಅಂದುಕೊಂಡೆ.

"ಅನ್ನಲಾ ಅಕ್ಕ?"

"ಅನ್ನು. ಬಲಕ್ಕೆ ತಿರುಗು ಅಂತ ಹೇಳು. ಹೇಳಿ, ಮಲಗು. ನಾಳೆ ನಿನ್ನಮ್ಮನಿಗೆ ನಾನು ಉತ್ತರ ಹೇಳ್ತೀನಿ."

"ಅಮ್ಮ..."

"ನಾನಿದೀನಿ ಕಣೋ."

ಗಡಿಯಾರ ನನ್ನ ಮುಂದಿತ್ತು. ಹನ್ನೊಂದೂ ಹತ್ತು. ಅವನ ಮೈ ಅದುರಿತು. ಒಂದು. ನಾನು ಕೈಗಳನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಎರಡು... ಕೋದಂಡ ಬಾಯಿ ತೆರೆದ.

"ಓ..." ಅಂದ.

ಎಷ್ಟು ಮೆಲ್ಲಗೆ ಅಂದ ಅಂದರೆ, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಪಂಪ್‌ಸೆಟ್ಟು ನಿಂತಿತು. ಜೀರುಂಡೆ ನಿಂತವು. ಆಮೇಲೆ, ನನ್ನ ಈ ಕಿವಿಗಳಿಗೆ, ಮಾಳಿಗೆಯ ಕೆಳಗಿನಿಂದ, ನೆಲದಿಂದ... ಕಿರ್ರ್... ಕಿರ್ರ್... ಹೊಸ ಚಪ್ಪಲಿಯ ಹಾಗೆ.

ಕೋದಂಡ ಎದ್ದು ನಿಂತ. ನಗುತ್ತಿದ್ದ. "ಬಲಕ್ಕೆ ತಿರುಗು ಆರ್ನೆ," ಅಂದ ಅವರ ಮಾತಿನಲ್ಲಿ. ಆ ಭಾಷೆ ನನಗೆ ಅಲ್ಪಸ್ವಲ್ಪ ಬರುತ್ತದೆ. "ಇಲ್ಲ, ಅಲ್ಲಲ್ಲ, ಬಲಕ್ಕೆ..." ಲಾಂದ್ರ ಎತ್ತಿಕೊಂಡ. "ಅವನಿಗೆ ಕಾಣ್ತಿಲ್ಲ ಅಕ್ಕ. ದೀಪ ತೋರಿಸಿ ಬರ್ತೀನಿ."

"ಎಲ್ಲಿಗೆ?"

"ಇಲ್ಲೇ. ಬರ್ತೀನಿ."

ನಾನು ಹಿಡಿಯಬಹುದಾಗಿತ್ತು. ಅವನ ಪಂಚೆಯ ಚುಂಗು ನನ್ನ ಕೈಗೆ ತಗುಲುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಅವನು ಅಷ್ಟು ಹಗುರವಾಗಿ ಮೆಟ್ಟಿಲಿಳಿಯೋದನ್ನು ನೋಡಿ, ಹೋಗಲಿ, ಒಂದು ಸುತ್ತು ಹೋಗಿ ಬರಲಿ ಅಂದುಕೊಂಡೆ. ಅಗುಳಿ ತೆಗೆದ ಸದ್ದು. ಲಾಂದ್ರದ ಬೆಳಕು ಬೀದಿ ದಾಟಿತು, ಹುಣಸೆ ತೋಪು ದಾಟಿತು, ಆಲದ ಮರದ ದಾರಿಗೆ ತಿರುಗಿತು. ಅಲ್ಲಿ ನಿಂತಿತು. ಮೇಲಕ್ಕೆ ಎತ್ತಿ ಆಡಿಸಿದ. ಎಡಕ್ಕೆ, ಬಲಕ್ಕೆ. ಮೂರು ನಾಲ್ಕು ಸಲ.

ಟಣ್‌ಂಂಂ... ಅಂತ ಒಂದು ಸದ್ದು, ಉದ್ದಕ್ಕೆ. ದೀಪ ಆರಿತು. ಊದಿದಾಗ ಆರುವ ಹಾಗಲ್ಲ. ಕೆಳಗೆ ಇಳಿದ ಹಾಗೆ.

ನಾನು ಕೂಗಿದೆ. ಎಷ್ಟು ಸಲ ಕೂಗಿದೆ ಅಂತ ಎಣಿಸಲಿಲ್ಲ. ಮೂರಕ್ಕಿಂತ ಜಾಸ್ತಿ.

ಪಕ್ಕದ ಮನೆಯ ನರಸಿಂಹಪ್ಪ, ಅವನ ಅಣ್ಣತಮ್ಮಂದಿರು ದೊಣ್ಣೆ ಟಾರ್ಚು ಹಿಡಿದು ರಾತ್ರಿಯೆಲ್ಲಾ ಹುಡುಕಿದರು. ಬೆಳಗಿನ ಜಾವ ಸಿಕ್ಕ. ಆಲದ ಮರದಿಂದ ನೂರು ಹೆಜ್ಜೆ ಆಚೆ, ಉತ್ತು ಬಿಟ್ಟ ಹೊಲದ ನಡುವೆ, ಅಂಗಾತ. ಸುತ್ತ ಮಣ್ಣು ಪುಡಿಪುಡಿ, ಒಣಗಿ ಕಾದಿತ್ತು. ಇವನ ತಲೆಗೂದಲು, ಬನಿಯನ್ನು, ಪಂಚೆ ಎಲ್ಲಾ ನೆನೆದು ತೊಟ್ಟಿಕ್ಕುತ್ತಿತ್ತು.

ಶ್ರೀನಿವಾಸಪುರದ ಡಾಕ್ಟರು ಕುಯ್ದು ನೋಡಿ, ಮುಳುಗಿ ಸತ್ತಿದ್ದಾನೆ, ಎದೆ ತುಂಬಾ ನೀರಿದೆ ಅಂದರು. ಪೊಲೀಸಿನವನು ನರಸಿಂಹಪ್ಪನನ್ನು ಕೇಳಿದ, "ಯಾವ ಬಾವಿಯಯ್ಯಾ?"

"ನಮ್ಮೂರಲ್ಲಿ ಮೊಣಕಾಲುದ್ದ ನೀರಿರೋ ಬಾವಿ ಒಂದು ತೋರಿಸಿ ಸ್ವಾಮಿ, ನಾನೂ ಬೀಳ್ತೀನಿ," ಅಂದ ನರಸಿಂಹಪ್ಪ.

ಪಂಚನಾಮೆಯಲ್ಲಿ 'ಬಾವಿ' ಅಂತಲೇ ಬರೆದುಕೊಂಡರು. ಬೇರೆ ಏನಂತ ಬರೆಯುತ್ತಾರೆ?

ದೊಡ್ಡಮ್ಮ ಒಂದು ಸಾವಿನ ಮನೆಯಿಂದ ಇನ್ನೊಂದಕ್ಕೆ ಬಂದಳು. ಮಧ್ಯಾಹ್ನದ ಬಸ್ಸಿಗೆ. ಅಳಲಿಲ್ಲ. ನನ್ನ ಮುಂದೆ ನಿಂತಳು.

"ಎಷ್ಟಕ್ಕೆ ಓ ಅಂದ?"

"ಎರಡಕ್ಕೆ, ದೊಡ್ಡಮ್ಮ."

"ನಿನ್ನ ಕೈ ಎಲ್ಲಿತ್ತು?"

ಅವಳು ಅವತ್ತಿನಿಂದ ಸಾಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ನಾನು ಬಂದಾಗಲೆಲ್ಲ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ನಾನು ಹಿತ್ತಲಲ್ಲಿ ಒಬ್ಬಳೇ ನಿಂತಿದ್ದೆ. ಬೆಳಗ್ಗೆ ಅವನ ಮೈಮೇಲಿಂದ ತೆಗೆದ ಪಂಚೆಯನ್ನು ಯಾರೋ ಕೊಟ್ಟಿಗೆಯ ಹಗ್ಗದ ಮೇಲೆ ಎಸೆದಿದ್ದರು. ಬಿಸಿಲಿಗೆ ಒಣಗಿ ಹಲಗೆಯ ಹಾಗೆ ಸೆಟೆದುಕೊಂಡಿತ್ತು, ಮೇಲೆಲ್ಲಾ ಬಿಳೀ ಬಿಳೀ ಗೆರೆ. ಮನೆಯ ಹಸು ಕತ್ತು ಚಾಚಿ ಅದನ್ನು ನೆಕ್ಕುತ್ತಿತ್ತು. ಬೂಸಾಕ್ಕೆ ಉಪ್ಪು ಹಾಕಿದಾಗ ಬಾನಿ ನೆಕ್ಕುವ ಹಾಗೆ, ಸರಕ್... ಸರಕ್... ಅಂತ. ನರಸಿಂಹಪ್ಪ ಬಂದು ಹೊಡೆದ, ಹಗ್ಗ ಹಿಡಿದು ಎಳೆದ. ಬಿಡಲಿಲ್ಲ. ಕತ್ತಲಾಗುವವರೆಗೂ ನೆಕ್ಕಿತು. ನಮ್ಮೂರಿಂದ ಸಮುದ್ರ ಎಷ್ಟು ದೂರ ಅಂತ ನಿಮಗೂ ಗೊತ್ತು. ನಾನು ಕಂಡದ್ದನ್ನು ಹೇಳಿದ್ದೇನೆ. ನರಸಿಂಹಪ್ಪ ಇನ್ನೂ ಇದ್ದಾನೆ, ಬೇಕಾದರೆ ಹೋಗಿ ಕೇಳಿ.